ಕಲ್ಲಿಗೆ ಇಟ್ಟ ಎರೆ

"ಫೋಟೋ ಎಷ್ಟು ಬೇಕಾದ್ರೂ ತಕ್ಕೋ, ನಾನು ಬೇಡ ಅನ್ನಲ್ಲ. ಆದ್ರೆ ನಿನ್ನ ಮೈಯಿಂದ ಒಂದು ಚೂರೂ ಅಲ್ಲಿ ಬೀಳ್ಬಾರ್ದು. ಕೂದ್ಲು, ಉಗುರು, ಏನೂ. ಎಂಜಲಂತೂ ಬೀಳ್ಲೇಬಾರ್ದು," ಎಂದ ಎನೋಕಾ.

"ಬೆವರಿಗೆ ಏನಾದ್ರೂ ರಿಯಾಯ್ತಿ ಇದ್ಯಾ ಅಂಕಲ್?" ಎಂದು ಲೋಪಾಕಾ ಕೇಳಿದ.

ಮುದುಕ ನಗಲಿಲ್ಲ. ಅವನು ನಗದೇ ಇದ್ದುದೇ ಎಚ್ಚರಿಕೆಗೆ ಸಾಕಾಗಬೇಕಿತ್ತು, ಏಕೆಂದರೆ ಎನೋಕಾ ತನ್ನ ತಮ್ಮನನ್ನು ಮಣ್ಣು ಮಾಡುವಾಗಲೂ ಜೋಕು ಹೊಡೆದ ಆಸಾಮಿ. ಮೊಲೊಕಾಯಿ ದ್ವೀಪದ ಮೂಡಣ ತುದಿಯಲ್ಲಿ ಶಾಲೆಯ ಬಸ್ಸು ಓಡಿಸಿ, ಅರ್ಧ ಊರನ್ನು ಕಿವಿ ಹಿಂಡಿ ಬೆಳೆಸಿದವನು. ತಲೆಗೆ ತೆಂಗಿನೆಣ್ಣೆ, ಮೈಮೇಲೆ ಹೂವಿನ ಚಿತ್ತಾರದ ಅಂಗಿ, ದವಡೆಯಲ್ಲಿ ಸದಾ ಹೊಗೆಸೊಪ್ಪು. ಆದರೆ ಅದನ್ನು ಅವನು ನೆಲಕ್ಕೆ ಉಗುಳಿದ್ದನ್ನು ಯಾರೂ ಕಂಡವರಿಲ್ಲ. ಕಾಫಿಯ ಖಾಲಿ ಡಬ್ಬಿಯಲ್ಲಿ ಎಲೆ ಹಾಸಿ, ಅದರೊಳಗೆ ಉಗುಳಿ, ಮುಚ್ಚಳ ಬಿಗಿದು, ಸಂಜೆ ತನ್ನ ಹಿತ್ತಲಲ್ಲಿ ತಾನೇ ಹೂಳುತ್ತಿದ್ದ. ಹಿಂದೆ ಅಲ್ಲಿಯ ಅರಸರ ಪಕ್ಕದಲ್ಲಿ ಪೀಕದಾನಿ ಹಿಡಿಯುವುದಕ್ಕೆಂದೇ ನಂಬಿಕೆಯ ಬಂಟನೊಬ್ಬ ಇರುತ್ತಿದ್ದ. ಎನೋಕಾ ತನಗೆ ತಾನೇ ಅರಸ, ತಾನೇ ಬಂಟ.

"ಬೇರೆ ಹೇಯಾವುಗಳ ಮಾತು ಬೇರೆ," ಎಂದ ಅವನು. "ಅವು ಮಳೆಗೆ, ಮೀನಿಗೆ, ಬೆಳೆಗೆ ಅಂತ ಕಟ್ಟಿದ ಗುಡಿಗಳು. ಈ ಗುಡ್ಡದ ಮೇಲಿರೋದು ಹಾಗಲ್ಲ. ಒಳಗೊಂದು ಕಲ್ಲಿದೆ. ಯಾರು ಸಾಯ್ಬೇಕೋ ಅವ್ರ ಮೈಯಿಂದ ಬಿದ್ದಿದ್ದನ್ನ ತಂದು ಅದಕ್ಕೆ ಕೊಡೋರು. ನಾವದನ್ನ ಎರೆ ಅಂತೀವಿ. ಗಾಳಕ್ಕೆ ಸಿಗಿಸ್ತೀವಲ್ಲ, ಅದೇ ಎರೆ. ಎರೆ ಬಿದ್ರೆ ಅದು ಕಚ್ಚುತ್ತೆ. ಬೇಕೂ ಅಂತ ಹಾಕಿದ್ದೋ, ಜಾರಿ ಬಿದ್ದಿದ್ದೋ ಅಂತ ಕೇಳ್ತಾ ಕೂರಲ್ಲ."

"ಹಾಗಾದ್ರೆ ಹೆಲ್ಮೆಟ್ ಹಾಕ್ಕೊಂಡು ಹೋಗ್ತೀನಿ," ಎಂದು ಲೋಪಾಕಾ ಹೆಂಡತಿಯತ್ತ ಕಣ್ಣು ಹೊಡೆದ.

ಕವೇಹಿಗೆ ನಗು ಬಂತು. ಬಂದ ನಗುವನ್ನು ಕೆಮ್ಮಿನಲ್ಲಿ ಮುಚ್ಚಿದಳು. ಎನೋಕಾ ಅವಳ ತಾಯಿಯ ಅಣ್ಣ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವನೂ ಅವನೇ. ಅವನ ಎದುರಿಗೆ ಆ ಕಲ್ಲಿನ ವಿಚಾರದಲ್ಲಿ ನಕ್ಕವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಲೋಪಾಕಾನೂ ರಕ್ತದಿಂದ ದ್ವೀಪದವನೇ. ಆದರೆ ಅಪ್ಪ ಅಮ್ಮ ಕೆಲಸ ಹುಡುಕಿಕೊಂಡು ಲಾಸ್ ವೇಗಸ್ಸಿಗೆ ಹೋದವರು, ಅಲ್ಲೇ ಅವನು ಹುಟ್ಟಿ ಬೆಳೆದದ್ದು. ಮುಖ ಇಲ್ಲಿಯದು, ನಂಬಿಕೆ ಎಲ್ಲಿಯದೂ ಅಲ್ಲ. ಎಲ್ಲ ದ್ವೀಪಗಳ ಹೇಯಾವುಗಳ ಚಿತ್ರಗಳನ್ನು ಸೇರಿಸಿ ದೊಡ್ಡದೊಂದು ಪುಸ್ತಕ ಮಾಡುವ ಕೆಲಸ ಹಿಡಿದಿದ್ದ. ಸಾವಿರಾರು ಚಿತ್ರ ತೆಗೆದಿದ್ದ, ಮುಖಪುಟಕ್ಕೆ ಬೇಕಾದದ್ದು ಮಾತ್ರ ಸಿಕ್ಕಿರಲಿಲ್ಲ. ಅದು ಈ ಕಲ್ಲಿನಲ್ಲೇ ಇದೆ ಎಂದು ಅವನ ಮನಸ್ಸಿಗೆ ಹೊಕ್ಕುಬಿಟ್ಟಿತ್ತು.

ಎನೋಕಾ ಇಬ್ಬರ ತಲೆಗೂ ಬಟ್ಟೆ ಬಿಗಿದು ಕಟ್ಟಿದ. ನೀರಿನ ಬಾಟಲಿಯನ್ನೂ ಮೇಲೆ ಒಯ್ಯಬಾರದೆಂದು ಕಿತ್ತು ಗಾಡಿಯಲ್ಲೇ ಇಟ್ಟ. ಕುಡಿದರೆ ತುಟಿಯಿಂದ ತೊಟ್ಟಿಕ್ಕುತ್ತದೆ ಎಂಬುದು ಅವನ ವಾದ. "ಬೇಗ ಬಾ ಮಗಳೇ," ಎಂದ. ಅಳಿಯನಿಗೆ ಏನೂ ಹೇಳಲಿಲ್ಲ.

ಇಳಿಬಿಸಿಲಿನಲ್ಲಿ ಗುಡ್ಡ ಹತ್ತಿದರು. ಕಾಲ ಕೆಳಗೆ ಕೆಂಪು ಧೂಳು, ಎರಡೂ ಕಡೆ ಜಾಲಿಯ ಮುಳ್ಳು. ಜಿಂಕೆಯ ಹಿಕ್ಕೆಯ ವಾಸನೆ, ಕಡಲಿಂದ ಬರುವ ಉಪ್ಪುಗಾಳಿ. ಹತ್ತಿದಂತೆ ಗಾಳಿಯಿಂದ ಉಪ್ಪಿನ ವಾಸನೆ ಹೋಯಿತು, ಆಮೇಲೆ ಗಾಳಿಯೇ ಹೋಯಿತು. ಹೇಯಾವು ಜಾಲಿಯ ನಡುವೆ ಮಲಗಿತ್ತು. ಸುಣ್ಣವಿಲ್ಲ, ಗಾರೆಯಿಲ್ಲ, ಕರಿಕಲ್ಲಿನ ಮೇಲೆ ಕರಿಕಲ್ಲು ಜೋಡಿಸಿದ ಆಳೆತ್ತರದ ಗೋಡೆ, ಒಳಗೆ ಮಟ್ಟಸವಾದ ಅಂಗಳ. ಒಂದು ಹಕ್ಕಿಯ ದನಿಯಿಲ್ಲ. ಒಂದು ಸೊಳ್ಳೆಯೂ ಇಲ್ಲದ್ದನ್ನು ಲೋಪಾಕಾ ವರವೆಂದೇ ತಿಳಿದ.

ಕಲ್ಲು ಅಂಗಳದ ಮೂಲೆಯಲ್ಲಿತ್ತು. ಅದರ ಮೈಮೇಲೆ ಒಂದು ಮನುಷ್ಯಾಕಾರ ಕೆತ್ತಿತ್ತು: ತ್ರಿಕೋನದ ಎದೆ, ಕಡ್ಡಿಯಂಥ ಕೈಕಾಲು, ದುಂಡು ತಲೆ. ಬಾಯಿ ಇರಬೇಕಾದಲ್ಲಿ ಒಂದು ಕುಳಿ, ಹೆಬ್ಬೆರಳು ಹಿಡಿಸುವಷ್ಟು. ಆದರೆ ಎಷ್ಟೋ ಮಳೆಗಾಲ ಕಂಡ ಗೆರೆಗಳು ಸವೆದು, ಕಲ್ಲಿನ ಬಣ್ಣಕ್ಕೇ ಕೂಡಿಹೋಗಿದ್ದವು. ಕ್ಯಾಮೆರಾದಲ್ಲಿ ಏನೂ ಕಾಣುತ್ತಿರಲಿಲ್ಲ. ಬಿಸಿಲು ಬೇರೆ ಜಾರುತ್ತಿತ್ತು.

"ಗೆರೆ ಸ್ವಲ್ಪ ಒದ್ದೆಯಾದ್ರೆ ಕಪ್ಪಗೆ ಎದ್ದು ಕಾಣುತ್ತೆ," ಎಂದ ಅವನು. "ನಿನ್ನ ಅಂಕಲ್ ಪುಣ್ಯಾತ್ಮ, ನೀರನ್ನೂ ಕಿತ್ಕೊಂಡ." ಲೆನ್ಸ್ ಒರೆಸುವ ಬಟ್ಟೆಯನ್ನು ತನ್ನ ನಾಲಿಗೆಗೆ ಒತ್ತಿ ನೋಡಿದ. ಹತ್ತಿದ ದಣಿವಿಗೆ ಬಾಯಿ ಒಣಗಿತ್ತು. ಬಟ್ಟೆಯನ್ನು ಹೆಂಡತಿಯ ಮುಂದೆ ಹಿಡಿದ. "ನೀನು ಒದ್ದೆ ಮಾಡಿಕೊಡು."

"ಥೂ, ಹೋಗೋ. ಅಂಕಲ್‌ಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ."

"ಇನ್ಮೇಲೆ ನೀನೂ ಒಂದು ಡಬ್ಬಿ ಇಟ್ಕೋ. ಮಾವ ಸೊಸೆ ಇಬ್ರೂ ಜೊತೆಗೆ ಉಗುಳಿ, ಜೊತೆಗೆ ಹೂಳಿ."

ಕವೇಹಿ ನಕ್ಕುಬಿಟ್ಟಳು. ಅವಳಿಗೆ ಬೇರೆಯವರ ಹಾಗಲ್ಲ, ಎಲ್ಲ ಗೊತ್ತಿತ್ತು. ಕಲ್ಲಿನ ಭಯವನ್ನು ಹಾಲಿನ ಜೊತೆಗೇ ಕುಡಿದವಳು. ಆದರೆ ಗಂಡನ ಕಣ್ಣಿಗೆ ಹಳ್ಳಿಯ ಗುಗ್ಗುವಾಗಿ ಕಾಣುವುದು ಯಾವ ಹೆಂಗಸಿಗೆ ಇಷ್ಟ? ಅದಕ್ಕಿಂತ ಹೆಚ್ಚಾಗಿ, ಆ ಚಿತ್ರಕ್ಕಾಗಿ ಅವನು ಎಷ್ಟು ಹಂಬಲಿಸುತ್ತಿದ್ದನೆಂದು ಅವಳಿಗೆ ಗೊತ್ತಿತ್ತು. ಬಟ್ಟೆಯ ಮೂಲೆಯನ್ನು ಬಾಯಿಗೆ ಹಾಕಿ, ಒದ್ದೆ ಮಾಡಿ ಕೊಟ್ಟಳು.

ಲೋಪಾಕಾ ಗೆರೆಗಳ ಮೇಲೆ ಬಟ್ಟೆ ಎಳೆದ. ಆಕಾರ ಕಪ್ಪಗೆ ಮೇಲೆದ್ದಿತು. ಕೊನೆಗೆ ಬಟ್ಟೆಯನ್ನು ಕುಳಿಯೊಳಗೆ ತುರುಕಿ ತಿರುಗಿಸಿದ. "ಆಹಾ, ಇದೇ!" ಎಂದು ಮಂಡಿಯೂರಿ ಒಂದರ ಮೇಲೊಂದು ಚಿತ್ರ ತೆಗೆದ. ಇಳಿಯುವ ದಾರಿಯಲ್ಲೇ ಅವನ್ನು ಕ್ಯಾಮೆರಾದ ಪರದೆಯಲ್ಲಿ ತಿರುವಿ ನೋಡತೊಡಗಿದ. ಮೊದಲನೆಯದರಲ್ಲಿ ಪಾದದಿಂದ ತಲೆಯವರೆಗೂ ಒದ್ದೆ. ಮುಂದಿನದರಲ್ಲಿ ಪಾದ ಒಣಗಿತ್ತು. ಆಮೇಲೆ ಕಾಲು, ಆಮೇಲೆ ಎದೆ. ಒದ್ದೆ ಎಲ್ಲ ಕಡೆಯೂ ಒಟ್ಟಿಗೆ ಆರಿರಲಿಲ್ಲ. ಮೇಲಕ್ಕೆ ಸರಿದಿತ್ತು. ಕೊನೆಯ ಚಿತ್ರದಲ್ಲಿ ಮೈಯೆಲ್ಲ ಒಣಗಿ, ಬಾಯಿಯೊಂದೇ ತೇವವಾಗಿ ಹೊಳೆಯುತ್ತಿತ್ತು.

"ಬಿಸಿಲಿನ ಆಟ," ಎಂದು ಅವನು ಗಟ್ಟಿಯಾಗಿಯೇ ಹೇಳಿಕೊಂಡ. ಕೇಳಿಸಿಕೊಳ್ಳಲು ಕವೇಹಿ ಹತ್ತಿರವಿರಲಿಲ್ಲ. ನೀರು, ನೀರು ಎನ್ನುತ್ತ ಮುಂದೆ ಓಡಿಹೋಗಿದ್ದಳು.

ಅವಳು ಗಾಡಿಯಲ್ಲಿದ್ದ ಬಾಟಲಿ ಖಾಲಿ ಮಾಡಿದಳು. ಮನೆಗೆ ಬಂದು ಹೂಜಿ ಖಾಲಿ ಮಾಡಿದಳು. ರಾತ್ರಿ ಊಟಕ್ಕೆ ಬೇಯಿಸಿದ ಗೆಣಸು ಬಾಯಲ್ಲಿ ಮಣ್ಣಿನ ಹಾಗೆ ಸುತ್ತಿತು, ಒಳಗಿಳಿಯಲಿಲ್ಲ. ಬೆಳಿಗ್ಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬೆರಳು ಹಾಕಿ ಬಿಡಿಸಿಕೊಂಡಳು. ಕುಡಿದ ನೀರು ಗಂಟಲಿಗೆ ತಾಗದಂತೆ ಎಲ್ಲೋ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ವೈದ್ಯೆ ನರಕ್ಕೆ ಸೂಜಿ ಚುಚ್ಚಿ ಬಾಟಲಿಗಟ್ಟಲೆ ನೀರೇರಿಸಿದಳು, ರಕ್ತ ನೋಡಿದಳು, ಎಲ್ಲ ಸರಿಯಿದೆಯಲ್ಲ ಎಂದು ತಲೆ ಕೆರೆದುಕೊಂಡಳು. ನಾಳೆ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆಂದಳು. ಕವೇಹಿ ಆಗಲೇ ಮಾತಾಡುವುದನ್ನು ಬಿಟ್ಟಿದ್ದಳು. ಅಳುತ್ತಿದ್ದಳು, ಕಣ್ಣೀರು ಬರುತ್ತಿರಲಿಲ್ಲ. "ಮನೆಗೆ," ಎಂದು ಸನ್ನೆ ಮಾಡಿದಳು.

ಎನೋಕಾ ಅವಳ ಬಾಯಿ ತೆರೆದು ಒಳಗೆ ಮೂಗಿಟ್ಟು ಮೂಸಿದ. ಆಮೇಲೆ ಅಳಿಯನ ಕಡೆ ತಿರುಗಿದ.

"ಏನು ಬಿಟ್ಟು ಬಂದ್ರಿ ಅಲ್ಲಿ?"

ಲೋಪಾಕಾ ಹೇಳಿದ. ಹೇಳುವಾಗ ತಲೆ ಎತ್ತಲಿಲ್ಲ. ಮುದುಕ ಹೊಡೆಯುತ್ತಾನೆಂದುಕೊಂಡ, ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಎನೋಕಾ ಮಂಚದ ಅಂಚಿನಲ್ಲಿ ಕುಸಿದು ಕೂತು, ಸೊಸೆಯ ಪಾದವನ್ನು ಮಡಿಲಿಗಿಟ್ಟುಕೊಂಡು ಸುಮ್ಮನೆ ತಿಕ್ಕತೊಡಗಿದ.

"ಹೋಗಿ ತೊಳೆದುಬಿಡ್ಲಾ ಅಂಕಲ್?"

"ಕುಡಿದಾಯ್ತು. ಇನ್ನೇನು ತೊಳೀತೀಯ?" ಎಂದ ಎನೋಕಾ. "ಅದರ ಬಾಯಲ್ಲಿರೋದನ್ನ ಬಿಡಿಸ್ಬೇಕಾದ್ರೆ ಬದಲಿಗೆ ಇನ್ನೊಂದು ಇಡ್ಬೇಕು. ಅದೂ ಎಂಜಲೇ ಆಗ್ಬೇಕು. ಇಟ್ಟ ಕೈಯೇ ಇಡ್ಬೇಕು. ಯಾರದ್ದು ಅಂತ ಬಾಯಿ ಬಿಟ್ಟು ಹೆಸ್ರು ಹೇಳ್ಬೇಕು. ನನ್ನ ಕೈಯಲ್ಲಿ ಆಗೋ ಹಾಗಿದ್ರೆ ನಿನ್ನ ಹತ್ರ ಮಾತಾಡ್ತಾ ಕೂರ್ತಿದ್ನಾ? ನೀನು ಹೋಗ್ಬೇಕು. ನಿನ್ನದನ್ನ ಇಡ್ಬೇಕು."

"ಆಮೇಲೆ ನಾನು?"

"ತಪ್ಪಾಯ್ತು ಅಂತ ತಾನಾಗೇ ಬಂದು ಕೊಟ್ಟವ್ರನ್ನ ಅದು ಕೆಲವು ಸಲ ಬಿಟ್ಟಿದೆ. ಬಿಡದೇ ಇದ್ದಿದ್ದೂ ಇದೆ. ಸುಳ್ಳು ಯಾಕೆ ಹೇಳ್ಲಿ? ನನಗೆ ಗೊತ್ತಿರೋದನ್ನೆಲ್ಲ ನಿನಗೋಸ್ಕರ ಮಾಡ್ತೀನಿ. ಅಷ್ಟು ಮಾತ್ರ ಮಾತು ಕೊಡ್ತೀನಿ."

"ಬೇರೆ ಯಾರದ್ದಾದ್ರೂ ಇಟ್ರೆ?" ಎಂದು ಲೋಪಾಕಾ ಮೆಲ್ಲಗೆ ಕೇಳಿದ.

ಎನೋಕಾ ಪಾದ ತಿಕ್ಕುವುದನ್ನು ನಿಲ್ಲಿಸಿದ. "ಅದನ್ನ ಮಾಡೋನೇ ಮಾಟಗಾರ," ಎಂದ. "ಒಂದು ಸಲ ಉಣಿಸಿದವ್ನನ್ನ ಅದು ಬಿಡಲ್ಲ. ಮತ್ತೆ ಮತ್ತೆ ಕೇಳುತ್ತೆ."

ಅಷ್ಟು ಹೇಳಿ ಹಿತ್ತಲಿಗೆ ಹೋಗಿ ಗಣಿಕೆ ಸೊಪ್ಪು ಕಿತ್ತು ತಂದ. ಬಾಯಿ ಮುಕ್ಕಳಿಸಿ, ಸೊಪ್ಪಿಗೆ ಕಲ್ಲುಪ್ಪು ಸೇರಿಸಿ ತಾನೇ ಜಗಿದ. ಅವರ ಕಡೆ ಹಾಗೆಯೇ, ತೀರ ಕೈಲಾಗದವರಿಗೆ ಮದ್ದನ್ನು ಮನೆಯ ಹಿರಿಯರು ಜಗಿದು ಕೊಡುತ್ತಾರೆ. ನುಣ್ಣಗಾದ ಹಸಿರು ಮುದ್ದೆಯನ್ನು ಸೊಸೆಯ ತುಟಿಗಿಟ್ಟ. ಅವಳು ಎಳೆಗೂಸಿನ ಹಾಗೆ ಚೀಪಿದಳು. ಅವಳ ಬಾಯಿಗೆ ತೇವವೆಂದು ತಾಗಿದ್ದು ಅದೊಂದೇ. ಎನೋಕಾ ಮತ್ತೆ ಜಗಿದ, ಮತ್ತೆ ಕೊಟ್ಟ, ಒಸಡಿನಿಂದ ರಕ್ತ ಬರುವವರೆಗೂ ಜಗಿದ. ಮಿಕ್ಕ ಮುದ್ದೆಯನ್ನು ಎಲೆಯಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ಟ. ತನ್ನ ಎಂಜಲನ್ನು ಬದುಕಿನಲ್ಲಿ ಎಂದೂ ಕಣ್ಣಳತೆಯಿಂದ ಆಚೆ ಬಿಡದಿದ್ದವನು ಆ ಮಧ್ಯಾಹ್ನ ಅವಳ ಪಾದ ಹಿಡಿದುಕೊಂಡು ಕೂತಲ್ಲೇ ತೂಕಡಿಸಿದ.

ಲೋಪಾಕಾ ಗಾಡಿಯ ಕೀಲಿ ತೆಗೆದುಕೊಂಡ. ಬಗ್ಗಿ ಹೆಂಡತಿಯ ಹಣೆಗೆ ಮುತ್ತಿಟ್ಟ. ಅದು ಬಿಸಿಲಲ್ಲಿಟ್ಟ ಹೆಂಚಿನಂತಿತ್ತು. ಅವಳನ್ನು ಅವನು ನಿಜವಾಗಿ ಪ್ರೀತಿಸುತ್ತಿದ್ದ, ಆ ವಿಚಾರದಲ್ಲಿ ಯಾರಿಗೂ ಅನುಮಾನ ಬೇಡ. ನೆಟ್ಟಗಾಗುವಾಗ ಅವನ ಕೈ ದಿಂಬಿನ ಪಕ್ಕದ ಎಲೆಯನ್ನು ಎತ್ತಿಕೊಂಡು ಅಂಗಿಯ ಜೇಬಿಗೆ ಹಾಕಿತು. ಯಾಕೆಂದು ಅವನು ತನ್ನ ಕೈಯನ್ನು ಕೇಳಲಿಲ್ಲ.

ಹೇಯಾವು ತಲುಪುವಾಗ ಹೊತ್ತು ಮುಳುಗುತ್ತಿತ್ತು. ಗೋಡೆಯೊಳಗೆ ಕತ್ತಲು ಆಗಲೇ ತುಂಬಿತ್ತು. ಒಳಗೆ ಕಾಲಿಟ್ಟೊಡನೆ ವಾಸನೆ ಹೊಡೆಯಿತು. ನಿದ್ದೆಯಿಂದೆದ್ದ ಬಾಯಿಯ ವಾಸನೆ, ತೊಳೆಯದ ಹಲ್ಲಿನ ಹುಳಿ ವಾಸನೆ. ಅವನು ಬೆಳಕು ಹಾಯಿಸಿದ. ಆಕಾರದ ಬಾಯಿ ಒದ್ದೆಯಾಗಿತ್ತು. ಇನ್ನೂ. ಅಂಚಿನಲ್ಲಿ ಜೊಲ್ಲಿನ ಎಳೆಯೊಂದು ಇಳಿದಿತ್ತು.

ಮಂಡಿಯೂರಿದ. ನನ್ನದು, ಲೋಪಾಕಾನದು, ಎಂದು ಹೇಳಿ ಉಗುಳಿದರೆ ಆಯಿತು. ಅಷ್ಟೇ ಕೆಲಸ. ಬಾಯಿ ತೆರೆದ.

ಏನೂ ಬರಲಿಲ್ಲ.

ಹೆದರಿಕೆಗೆ ಬಾಯಿ ಒಣಗಿ ಬಟ್ಟೆಯಾಗಿತ್ತು. ಕೆನ್ನೆ ಒಳಕ್ಕೆಳೆದ. ನಾಲಿಗೆ ತಿರುಗಿಸಿದ. ಕ್ಯಾಕರಿಸಿದ. ಗಾಳಿ ಬಂತು, ಬರಿಯ ಗಾಳಿ. ಎದುರಿನ ಕತ್ತಲಲ್ಲಿ ಏನೋ ಚಪ್ಪರಿಸಿತು. ಮೆಲ್ಲಗೆ. ಊಟಕ್ಕೆ ಕೂತವರು ಚಪ್ಪರಿಸುವ ಹಾಗೆ. ನಾಲಿಗೆ ಕಚ್ಚಿಕೋ, ಎಂದು ಮನಸ್ಸು ಹೇಳಿತು. ಕಚ್ಚಿಕೋ, ರಕ್ತದ ಜೊತೆ ಬರುತ್ತದೆ. ಹಲ್ಲುಗಳನ್ನು ನಾಲಿಗೆಯ ಮೇಲಿಟ್ಟ. ಒತ್ತಿದ. ನೋವಾಯಿತು. ಬಿಟ್ಟ. ಚಪ್ಪರಿಕೆ ಹತ್ತಿರ ಬಂತು. ಕಿವಿಯ ಬಳಿ. ಕತ್ತಿನ ಮೇಲೆ ಉಸಿರು. ಬಿಸಿ ಉಸಿರು. ಕವೇಹಿಯ ಬಿರಿದ ತುಟಿ ಕಣ್ಣಿಗೆ ಬಂತು. ತನ್ನ ತುಟಿಯೂ ಹಾಗೆ ಬಿರಿಯುವುದು ಕಣ್ಣಿಗೆ ಬಂತು. ಮುದುಕನಿಗೆ ವಯಸ್ಸಾಗಿದೆ. ಎಲ್ಲ ನೋಡಿದ್ದಾನೆ. ಸೊಸೆಗಾಗಿ ಅವನೇ ಕೊಡುತ್ತಿದ್ದನಲ್ಲ, ಆಗುವ ಹಾಗಿದ್ದರೆ ಕೊಡುತ್ತಿದ್ದೆ ಅಂದನಲ್ಲ. ಜೇಬು ಒದ್ದೆಯಾಗಿತ್ತು. ತಣ್ಣಗೆ ಎದೆಗೆ ತಾಗುತ್ತಿತ್ತು. ಬೆರಳು ಹಾಕಿದ. ಮುದ್ದೆ ತೆಗೆದ. ಕುಳಿಗೆ ಒತ್ತಿದ.

"ಎನೋಕಾ," ಎಂದ.

ಕಲ್ಲು ಗುಟುಕರಿಸಿತು.

ಲೋಪಾಕಾ ಕಾಲಿಗೆ ಬುದ್ಧಿ ಹೇಳಿದ. ಜಾಲಿಯ ಮುಳ್ಳು ಮುಖ ಗೀರಿದ್ದೂ ಗೊತ್ತಾಗಲಿಲ್ಲ.

ಮನೆಯಲ್ಲಿ ದೀಪವೆಲ್ಲ ಉರಿಯುತ್ತಿತ್ತು. ಕವೇಹಿ ಎದ್ದು ಕೂತಿದ್ದಳು. ಚೊಂಬೆತ್ತಿ ನೀರು ಕುಡಿಯುತ್ತಿದ್ದಳು, ಗದ್ದದಿಂದ ಇಳಿದು ಎದೆಯೆಲ್ಲ ತೊಯ್ದಿತ್ತು, ಅಳುತ್ತಿದ್ದಳು, ಈಗ ಕಣ್ಣೀರು ಧಾರಾಳವಾಗಿತ್ತು. ಎನೋಕಾ ಓಡಿ ಬಂದು ಅಳಿಯನನ್ನು ತಬ್ಬಿಕೊಂಡ. ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ಅವನ ಉಸಿರನ್ನು ಒಳಗೆಳೆದುಕೊಂಡ. ತಮ್ಮವರೆಂದು ಒಪ್ಪಿದವರಿಗೆ ಮಾತ್ರ ಆ ಮರ್ಯಾದೆ.

"ನಿನ್ನನ್ನ ನಾನು ಏನೋ ಅಂದ್ಕೊಂಡಿದ್ದೆ ಕಣೋ," ಎಂದ ಮುದುಕ. "ಗಂಡಸು ನೀನು. ಕೂತ್ಕೋ, ಬಾಯಾರಿಕೆ ಆಗ್ತಿದ್ಯಾ? ಏನೇ ಆಗ್ಲಿ, ನಾನಿದ್ದೀನಿ." ಹಾಗೆನ್ನುತ್ತ ನಾಲಿಗೆಯನ್ನು ತುಟಿಯ ಮೇಲೆ ಆಡಿಸಿಕೊಂಡ. ಮತ್ತೊಮ್ಮೆ ಆಡಿಸಿಕೊಂಡ. "ಮಗಳೇ, ಆ ಚೊಂಬು ಸ್ವಲ್ಪ ಇಲ್ಲಿ ಕೊಡು."

ಅವನು ಕುಡಿದ. ಇನ್ನೂ ಕುಡಿದ. ಆಮೇಲೆ ಚೊಂಬನ್ನು ಕೆಳಗಿಟ್ಟು ದಿಂಬಿನ ಪಕ್ಕ ನೋಡಿದ. ಅಲ್ಲಿಂದ ಅವನ ಕಣ್ಣು ಅಳಿಯನ ಜೇಬಿನ ಮೇಲಿನ ಹಸಿರು ಕಲೆಗೆ ಬಂದು ನಿಂತಿತು. ಹೊಗೆಸೊಪ್ಪಿನ ಡಬ್ಬಿಯನ್ನು ತೆಗೆದುಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಕವೇಹಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವಳೂ ಆ ಕಲೆಯನ್ನು ನೋಡಿದ್ದಳು.

"ಹೋಗು," ಎಂದಳು. "ಈಗ್ಲೇ ಹೋಗು. ನಿನ್ನದನ್ನ ಇಟ್ಟು ಅವ್ರನ್ನ ಬಿಡ್ಸು. ನಿನ್ನ ಕಾಲಿಗೆ ಬೀಳ್ತೀನಿ."

ಲೋಪಾಕಾ ಹೋದ. ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ, ದೀಪ ಆರಿಸಿ, ಸ್ಟೀರಿಂಗ್ ಹಿಡಿದುಕೊಂಡು ಕೂತ. ಇಳಿಯಬೇಕೆಂದು ನಿಜವಾಗಿಯೂ ಇತ್ತು. ಬಾಗಿಲು ತೆರೆದ, ಒಂದು ಕಾಲು ಹೊರಚಾಚಿದ, ಒಳಗೆಳೆದುಕೊಂಡ. ಹಾಗೆ ಎಷ್ಟು ಸಲವೋ. ಬೆಳಕು ಹರಿಯುವಾಗ ಮನೆಗೆ ಬಂದು, "ಇಟ್ಟೆ," ಎಂದ. ಕವೇಹಿ ಅವನ ಚಪ್ಪಲಿ ನೋಡಿದಳು. ಕೆಂಪು ಧೂಳಿನ ಒಂದು ಕಣವೂ ಹೊಸದಾಗಿ ಹತ್ತಿರಲಿಲ್ಲ. ಎನೋಕಾ ಆ ವಾರ ತೀರಿಕೊಂಡ. ಬಾಯಿ ಮುಚ್ಚಲು ಬಾರದೆ ಹಾಗೇ ಮಣ್ಣು ಮಾಡಬೇಕಾಯಿತು. ಅರ್ಧ ಊರು ಬಂದಿತ್ತು, ಯಾರೂ ಜೋಕು ಹೊಡೆಯಲಿಲ್ಲ.

ಹೊನೊಲುಲುವಿಗೆ ಹೋಗುವ ಪುಟ್ಟ ವಿಮಾನಕ್ಕೆ ಕವೇಹಿ ಒಂದೇ ಟಿಕೆಟು ತೆಗೆಸಿದ್ದಳು. ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು. ಮನೆಯಿಂದ ಹೊರಡುವ ಮುಂಚೆ ಅವಳು ಬಾಚಣಿಗೆಯ ಕೂದಲನ್ನೆಲ್ಲ ಸುಟ್ಟಿದ್ದಳು. ದಿಂಬಿನ ಚೀಲ, ಟವಲು, ಹಲ್ಲುಜ್ಜುವ ಬ್ರಷ್ಷು, ಯಾವುದನ್ನೂ ಬಿಟ್ಟಿರಲಿಲ್ಲ. ಈಗ ಕುಡಿದ ಕಾಗದದ ಲೋಟವನ್ನು ಹಿಸುಕಿ ಕೈಚೀಲಕ್ಕೆ ಹಾಕಿಕೊಂಡಳು. ಕಸದ ಬುಟ್ಟಿ ಅವನ ಪಕ್ಕದಲ್ಲೇ ಇತ್ತು.

"ನಿನಗೋಸ್ಕರ ಮಾಡಿದ್ದು," ಎಂದ ಲೋಪಾಕಾ. "ನಂಬು. ಬಾಯೊಣಗಿ ಹೋಗಿತ್ತು ಕವೇಹಿ. ಉಗುಳೋಕೆ ಒಂದು ಹನಿಯೂ ಇರ್ಲಿಲ್ಲ."

"ಹೆಸ್ರು ಹೇಳೋಕೆ ಬಂತಲ್ಲ," ಎಂದಳು ಅವಳು.

ಎದ್ದು ಹೋದಳು. ತಿರುಗಿ ನೋಡಲಿಲ್ಲ. ವಿಮಾನ ಮೇಲೇರಿ ಕಡಲ ಮೇಲೆ ಚುಕ್ಕೆಯಾಗುವವರೆಗೆ ಅವನು ನೋಡುತ್ತ ಕೂತ. ಅವಳು ಬದುಕಿದ್ದಾಳೆ, ಅದು ಸಾಕು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಉಗುಳು ನುಂಗಲು ಹೋದ. ನುಂಗಲು ಏನೂ ಇರಲಿಲ್ಲ. ನಾಲಿಗೆ ಅಂಗುಳಕ್ಕೆ ಹತ್ತಿಕೊಂಡಿತ್ತು. ನಲ್ಲಿಯ ಬಳಿಗೆ ಹೋಗಿ ಹೊಟ್ಟೆ ಬಿರಿಯುವಷ್ಟು ಕುಡಿದ. ಬಾಯಿ ಒಣಗಿಯೇ ಇತ್ತು. ಕಿವಿಯ ಪಕ್ಕದಲ್ಲಿ, ಬಹಳ ಸಲಿಗೆಯಿಂದ, ಏನೋ ಚಪ್ಪರಿಸಿತು.

ಅವನು ಬೆಂಚಿಗೆ ವಾಪಸು ಬಂದ. ಅಷ್ಟರಲ್ಲಿ ಪ್ರವಾಸಿ ಹೆಂಗಸೊಬ್ಬಳು ಅಲ್ಲಿ ಬಂದು ಕೂತಿದ್ದಳು. ಬಿಸಿಲಿಗೆ ಕೆಂಪಾದ ಭುಜ, ಕೊರಳಲ್ಲಿ ಹೂಮಾಲೆ. ಅರ್ಧ ಕುಡಿದ ಹಣ್ಣಿನ ರಸದ ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದು, ಗಾಜಿನ ಹತ್ತಿರ ಗುಡ್ಡದ ಫೋಟೋ ತೆಗೆಯಲು ಹೋದಳು. ಲೋಟದಲ್ಲಿದ್ದ ಕೊಳವೆಯ ತುದಿ ಕಚ್ಚಿ ಚಪ್ಪಟೆಯಾಗಿತ್ತು, ಒದ್ದೆಯಾಗಿ ಹೊಳೆಯುತ್ತಿತ್ತು.

"ಟೆಸ್ಸಾ, ಬೇಗ ಬಾರೇ, ಗಾಡಿ ಬಂತು!" ಎಂದು ಆಚೆಯಿಂದ ಯಾರೋ ಕೂಗಿದರು. ಹೆಂಗಸು ಲೋಟವನ್ನು ಮರೆತು ಓಡಿದಳು.

ಲೋಪಾಕಾ ಲೋಟವನ್ನು ನೋಡಿದ. ಆಚೀಚೆ ನೋಡಿದ. ಆಮೇಲೆ ಆ ಹೆಸರನ್ನು ಒಣ ನಾಲಿಗೆಯ ಮೇಲೆ ಮೆಲ್ಲಗೆ ಒಮ್ಮೆ ಹೇಳಿ ನೋಡಿಕೊಂಡ.